ಟೆಂಟ್ ಎಲ್ಲಿ ಹಾಕೋಣ? ದುರ್ಗ–ದಾವಣಗೆರೆ ಸೀಮೆಯಲ್ಲಿ ಜಾಗ ಹುಡುಕುವ ಬಗೆ

ಗುಡ್ಡದ ನೆತ್ತಿ ಮೇಲೆ ಒಂದು ಟೆಂಟು, ಪಕ್ಕದಲ್ಲಿ ಬೆಂಕಿ, ಹಿಂದೆ ಕೆಂಪು ಆಕಾಶ. ಮೊಬೈಲಿನಲ್ಲಿ ನೋಡಲು ಬಲು ಚೆಂದ. ಅದನ್ನೇ ನಂಬಿ ಜುಲೈನಲ್ಲಿ ಚಿತ್ರದುರ್ಗದ ಯಾವುದೋ ಗುಡ್ಡ ಹತ್ತಿ ಟೆಂಟ್ ಬಿಚ್ಚಿದರೆ, ರಾತ್ರಿಯಿಡೀ ಅದರ ಕಂಬ ಹಿಡಿದು ಕೂರಬೇಕಾದೀತು. ಈ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ?

ಜಾಗ ಹುಡುಕುವವರು ಹೆಚ್ಚಾಗಿ ನೋಟದ ಹಿಂದೆ ಬೀಳುತ್ತಾರೆ. ನೋಟ ಇರುವುದು ಹಗಲಲ್ಲಿ, ಟೆಂಟಿನಲ್ಲಿ ಮಲಗುವುದು ರಾತ್ರಿ. ಆದ್ದರಿಂದ ನೆಲ, ನೀರು, ಗಾಳಿ ಈ ಮೂರನ್ನು ಮೊದಲು ನೋಡಿ. ಇವು ಸರಿಯಿದ್ದ ಮೇಲೆ ನೋಟದ ಮಾತು. ನನ್ನನ್ನು ಕೇಳಿದರೆ, ಈ ಸೀಮೆಯಲ್ಲಿ ಗುಡ್ಡದ ತುದಿಗಿಂತ ಗುಡ್ಡ ಕಾಣುವ ತೋಟದ ಮನೆಯ ಅಂಗಳವೇ ವಾಸಿ.

ಮೊದಲು ತಿಂಗಳು ಗೊತ್ತುಮಾಡಿ

ನವೆಂಬರ್ ನಡುವಿನಿಂದ ಫೆಬ್ರುವರಿ ಕೊನೆವರೆಗೆ ಹೇಳಿ ಮಾಡಿಸಿದ ಕಾಲ. ಮಳೆ ನಿಂತಿರುತ್ತದೆ, ಕೆರೆಗಳಲ್ಲಿ ನೀರಿರುತ್ತದೆ, ರಾತ್ರಿ ಹದವಾದ ಚಳಿ. ಬಯಲಿನಲ್ಲಿ ಬೆಳಗಿನ ಜಾವ ಅಂದುಕೊಂಡಿದ್ದಕ್ಕಿಂತ ಜಾಸ್ತಿ ತಣ್ಣಗಾಗುತ್ತದೆ. ಕಂಬಳಿ ಬಿಟ್ಟು ಹೋಗಬೇಡಿ.

ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 38 ಡಿಗ್ರಿ ದಾಟುವ ದಿನಗಳಿವೆ. ಬಟ್ಟೆಯ ಟೆಂಟು ಮಧ್ಯಾಹ್ನ ಒಳಗೆ ಕಾಲಿಡಲು ಆಗದಷ್ಟು ಕಾಯುತ್ತದೆ. ಸಂಜೆ ಆದರೆ ಗುಡುಗು, ಸಿಡಿಲು, ಬಿರುಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಅಷ್ಟಕ್ಕಷ್ಟೆ. ಆದರೆ ನೈರುತ್ಯದ ಗಾಳಿ ಬಿಡುವುದಿಲ್ಲ. ಹೊರಗಿನವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಜೋರು ಮಳೆ ಬೀಳುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ‘ಮಳೆಗಾಲ ಮುಗೀತು, ದಸರಾ ರಜೆಗೆ ಹೋಗೋಣ’ ಎಂದು ಬೆಂಗಳೂರಿನಿಂದ ಬಂದವರು ನೆನೆದು ವಾಪಸ್ ಹೋಗುವುದು ಇದರಿಂದಲೇ.

ಯಾವ ಕಡೆ ಹೋಗುವುದು?

ಎರಡು ಜಿಲ್ಲೆ ಅಕ್ಕಪಕ್ಕ ಇದ್ದರೂ ನೆಲ ಒಂದೇ ಅಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬರೀ ಬಯಲು. ಶೇಂಗಾ ಹೊಲ, ಹುಲ್ಲಿನ ಕಾವಲು, ಅಲ್ಲೊಂದು ಇಲ್ಲೊಂದು ಬಂಡೆಗುಡ್ಡ. ನಕ್ಷತ್ರ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಕಡೆ ಇಲ್ಲ. ನೆರಳು ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಹೊಳಲ್ಕೆರೆ, ಹೊಸದುರ್ಗ ಕಡೆ ಅಡಿಕೆ, ತೆಂಗು, ದಾಳಿಂಬೆ. ನೆರಳೂ ಇದೆ, ತೋಟದ ಮನೆಗಳೂ ಇವೆ. ಆದರೆ ಭೀಮಸಮುದ್ರದ ಸುತ್ತಮುತ್ತ ಕಬ್ಬಿಣದ ಅದಿರಿನ ಗಣಿಗಳಿವೆ. ಲಾರಿ ಓಡಾಡುವ ರಸ್ತೆಯ ಪಕ್ಕ ಜಾಗ ಹಿಡಿದರೆ ಬೆಳಗ್ಗೆ ಎದ್ದಾಗ ಟೆಂಟಿನ ಬಣ್ಣ ಬದಲಾಗಿರುತ್ತದೆ.

ನೀರಿನ ಪಕ್ಕ ಬೇಕು ಅನ್ನುವವರು ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆಯನ್ನು ಕೇಳುತ್ತಾರೆ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, 130 ಅಡಿ ಮಟ್ಟ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಎಷ್ಟೋ ಸಲ ಹೊಸದುರ್ಗ ಕಡೆಯ ಹಿನ್ನೀರಿನ ಜಾಗ ಒಣಗಿ ಹುಲ್ಲುಗಾವಲಿನಂತೆ ಇತ್ತು. ಆ ಕಾಲದ ಫೋಟೋ ಹಿಡಿದುಕೊಂಡು ಹೋದರೆ ಆ ಜಾಗ ಈಗ ನೀರಿನ ಅಡಿಯಲ್ಲಿ ಇರಬಹುದು. ಒಣಗಿದಂತೆ ಕಾಣುವ ದಡವೂ ಒಳಗೆ ಕೆಸರೇ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೂ, ಅಂದರೆ ಶಾಂತಿಸಾಗರಕ್ಕೂ ಇದೇ ಮಾತು. ಏರಿ ಮೇಲೆ ನಿಂತು ಸಂಜೆ ನೋಡಿ, ಆಮೇಲೆ ದಡ ಬಿಟ್ಟು ಎತ್ತರದ ಜಾಗಕ್ಕೆ ಬನ್ನಿ. ನೀರಿಗೆ ಹತ್ತಿರ ಹೋದಷ್ಟೂ ಸೊಳ್ಳೆ, ಇಬ್ಬನಿ, ಚಳಿ ಮೂರೂ ಜಾಸ್ತಿ.

ದಾವಣಗೆರೆ ಕಡೆ ಭದ್ರಾ ನಾಲೆಯ ಸೀಮೆ. ನಾಲೆಗೆ ನೀರು ಬಿಟ್ಟಿರುವಾಗ ಗದ್ದೆಯೆಲ್ಲ ತುಂಬಿರುತ್ತದೆ. ಕಣ್ಣಿಗೆ ತಂಪು, ಬೆನ್ನಿಗೆ ಒದ್ದೆ. ಇನ್ನೊಂದು ಮಾತು: ನಾಲೆಯಲ್ಲಿ ಈಜಾಡಲು ಇಳಿಯಬೇಡಿ. ಸಿಮೆಂಟಿನ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ, ಇಳಿದವರಿಗೆ ಹತ್ತಲು ಹಿಡಿಯೇ ಸಿಗುವುದಿಲ್ಲ. ಮಕ್ಕಳ ಗುಂಪು ಕರೆದುಕೊಂಡು ಹೋಗುವ ಶಾಲೆಯವರು ಹರಿಹರ ತಾಲ್ಲೂಕಿನ ಕೊಂಡಜ್ಜಿಯನ್ನು ವಿಚಾರಿಸಬಹುದು. ಕೆರೆ, ಗುಡ್ಡ, ಕುರುಚಲು ಕಾಡಿನ ನಡುವೆ ಸ್ಕೌಟ್ಸ್ ಮತ್ತು ಗೈಡ್ಸ್‌ನವರ ಶಿಬಿರದ ಜಾಗ ಅಲ್ಲಿದೆ.

ಆ ಜಾಗ ಯಾರದು?

ಖಾಲಿ ಬಿದ್ದಿದೆ ಅಂದ ಮಾತ್ರಕ್ಕೆ ಯಾರದೂ ಅಲ್ಲ ಅಂತಲ್ಲ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ವನ್ಯಧಾಮ. ಜಗಳೂರಿನ ರಂಗಯ್ಯನದುರ್ಗವೂ ವನ್ಯಧಾಮ, ಅದು ಕೊಂಡುಕುರಿಗಳಿಗಾಗಿ, ಅಂದರೆ ನಾಲ್ಕು ಕೊಂಬಿನ ಹುಲ್ಲೆಗಳಿಗಾಗಿ 2011ರಲ್ಲಿ ಆದದ್ದು. ಇಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವುದು, ಉಳಿಯುವುದು, ಬೆಂಕಿ ಹಾಕುವುದು ಎಲ್ಲವೂ ಅಪರಾಧ. ‘ನಮ್ಮ ಹುಡುಗ ಒಬ್ಬನಿದ್ದಾನೆ, ಗಾರ್ಡ್ ಪರಿಚಯ’ ಅನ್ನುವ ಮಾತು ಕೇಸು ಬಿದ್ದಾಗ ಕೆಲಸಕ್ಕೆ ಬರುವುದಿಲ್ಲ. ಚಿತ್ರದುರ್ಗದ ಕೋಟೆ ಪುರಾತತ್ವ ಇಲಾಖೆಯದು. ಹಗಲು ನೋಡಿ ಸಂಜೆ ಇಳಿಯಬೇಕು.

ಗೋಮಾಳ, ಕೆರೆ ಅಂಗಳ ಆದರೆ ಊರಿನವರನ್ನೂ ಪಂಚಾಯಿತಿಯವರನ್ನೂ ಕೇಳಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ದನ ಸಾಕುವ ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳ ಹಟ್ಟಿಗಳಿವೆ. ಅದರ ಹತ್ತಿರ ಚಪ್ಪಲಿ ಹಾಕಿಕೊಂಡು ಹೋಗುವುದು, ಮಾಂಸ ಬೇಯಿಸುವುದು ಅಲ್ಲಿನವರ ಮನಸ್ಸಿಗೆ ನೋವು ಮಾಡುತ್ತದೆ. ಎಲ್ಲಿಯವರೆಗೆ ಬರಬಹುದು ಎಂದು ಆ ಎತ್ತುಗಳನ್ನು ಕಾಯುವ ಕಿಲಾರಿಯನ್ನೇ ಕೇಳಿದರೆ ಹೇಳುತ್ತಾನೆ. ಎಲ್ಲಕ್ಕಿಂತ ಸುಲಭದ ದಾರಿ ಅಂದರೆ ಗುರುತಿನ ರೈತರೊಬ್ಬರ ಹೊಲ. ಬಾಯಿಮಾತಿನ ಒಪ್ಪಿಗೆ ಸಾಕು. ಕಾಯಿ ಕೊಟ್ಟರೂ ಸರಿ, ಕಾಸು ಕೊಟ್ಟರೂ ಸರಿ, ಮೊದಲೇ ಮಾತಾಡಿಕೊಳ್ಳಿ.

ನೆಲ ನೋಡುವುದು ಹೀಗೆ

ಜಾಗಕ್ಕೆ ಮಧ್ಯಾಹ್ನ ಮೂರರ ಹೊತ್ತಿಗೆ ತಲುಪಿ. ಕತ್ತಲಾದ ಮೇಲೆ ಯಾವ ಜಾಗವೂ ಚೆನ್ನಾಗಿಯೇ ಕಾಣುತ್ತದೆ.

ಮೊದಲು ಮಣ್ಣು. ಎರೆ ಮಣ್ಣಾದರೆ ಬೇಡವೇ ಬೇಡ. ಒಣಗಿದಾಗ ಕಾಲು ತೂರುವಷ್ಟು ಬಿರುಕು ಬಿಡುತ್ತದೆ. ಒಂದು ಮಳೆ ಬಿದ್ದರೆ ಸಾಕು, ಕಾರಿನ ಚಕ್ರ ಹೂತುಹೋಗಿ ಟ್ರ್ಯಾಕ್ಟರಿಗೆ ಹೇಳಿಕಳಿಸಬೇಕು. ಗೂಟವೂ ನಿಲ್ಲುವುದಿಲ್ಲ. ಗರಸು ಸೇರಿದ ಕೆಂಪು ಮಣ್ಣು ಉತ್ತಮ. ನೀರು ಇಂಗುತ್ತದೆ, ಗೂಟ ಬಿಗಿಯಾಗಿ ಕೂರುತ್ತದೆ. ಬಂಡೆ ಇದ್ದರೆ ಗೂಟ ಇಳಿಯುವುದೇ ಇಲ್ಲ. ಆಗ ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತಿ ಕಟ್ಟಬೇಕು, ನಾಲ್ಕು ಮೀಟರ್ ಹಗ್ಗ ಜಾಸ್ತಿ ಇರಲಿ. ಕಲ್ಲು ಎತ್ತುವ ಮೊದಲು ಕೋಲಿನಿಂದ ಮಗುಚಿ ನೋಡಿ. ಅದರ ಅಡಿ ಚೇಳಿನ ಮನೆ.

ಆಮೇಲೆ ಇಳಿಜಾರು. ಟೆಂಟ್ ಬಿಚ್ಚುವ ಮುಂಚೆ ಬರೀ ಚಾಪೆ ಹಾಸಿ ಐದು ನಿಮಿಷ ಮಲಗಿ. ತಲೆ ಕಡೆ ಸ್ವಲ್ಪ ಎತ್ತರ ಇದ್ದರೆ ಪರವಾಗಿಲ್ಲ. ಪಕ್ಕಕ್ಕೆ ಇಳಿಜಾರಿದ್ದರೆ ರಾತ್ರಿಯೆಲ್ಲ ಒಬ್ಬರ ಮೇಲೊಬ್ಬರು. ಹಳ್ಳದ ಮರಳು ಮೆತ್ತಗಿದೆ, ಸಮತಟ್ಟಾಗಿದೆ ಅಂತ ಆಸೆ ಪಡಬೇಡಿ. ಇಲ್ಲಿ ಮೋಡ ಇಲ್ಲದಿದ್ದರೂ ಹತ್ತು ಮೈಲಿ ಮೇಲೆ ಮಳೆಯಾದರೆ ಒಣ ಹಳ್ಳದಲ್ಲಿ ನೀರು ಬರುತ್ತದೆ. ದಡದ ಗಿಡಗಳಿಗೆ ಕಸಕಡ್ಡಿ, ಪ್ಲಾಸ್ಟಿಕ್ ಎಷ್ಟು ಎತ್ತರಕ್ಕೆ ಸಿಕ್ಕಿಕೊಂಡಿದೆ ನೋಡಿ. ನೀರು ಅಷ್ಟು ಬಂದಿತ್ತು ಎಂದು ಲೆಕ್ಕ.

ಮರ ಯಾವುದು ಅನ್ನುವುದೂ ಮುಖ್ಯ. ಬೇವು, ಹೊಂಗೆ ಒಳ್ಳೆಯ ನೆರಳು. ತೆಂಗಿನ ಮರದ ಅಡಿ ಟೆಂಟ್ ಹಾಕುವುದು ತಲೆ ಒಡೆಸಿಕೊಳ್ಳುವ ಕೆಲಸ. ಕಾಯಿ ಬೀಳದಿದ್ದರೆ ಗರಿ ಬೀಳುತ್ತದೆ. ಅಡಿಕೆ ತೋಟದ ಒಳಗೆ ತೇವ, ಸೊಳ್ಳೆ, ಔಷಧಿ ಹೊಡೆಯುವ ಕಾಲವಾದರೆ ಅದರ ವಾಸನೆ. ಅಂಚಿನಲ್ಲಿ ಹಾಕಿ. ಬಳ್ಳಾರಿ ಜಾಲಿ ಇರುವ ಕಡೆ ನೆಲದಲ್ಲಿ ಮುಳ್ಳು ಇದ್ದೇ ಇರುತ್ತದೆ. ಟೆಂಟಿನ ತಳವನ್ನೂ ತೂರುತ್ತದೆ, ಟಯರನ್ನೂ ತೂರುತ್ತದೆ. ದೊಡ್ಡ ಮರ, ಬಂಡೆಯ ಚಾಚು ಎಲ್ಲೇ ಇರಲಿ, ತಲೆ ಎತ್ತಿ ಹೆಜ್ಜೇನು ಇದೆಯಾ ನೋಡಿ. ಒಲೆ ಹೊಗೆ ತಾಗಿದರೆ ಓಡಲೂ ಬಿಡುವುದಿಲ್ಲ. ಬಯಲಿನ ನಡುವಿನ ಒಂಟಿ ಮರ ಸಿಡಿಲಿನ ಕಾಲದಲ್ಲಿ ದೂರವೇ ಇರಲಿ.

ಗಾಳಿಗೆ ಟೆಂಟಿನ ಬಾಗಿಲು ಕೊಡಬೇಡಿ, ಬೆನ್ನು ಕೊಡಿ. ಯಾವ ಕಡೆಯಿಂದ ಬೀಸುತ್ತದೆ ಎಂದು ತಿಳಿಯಲು ಒಂದು ಹಿಡಿ ಧೂಳು ತೂರಿದರೆ ಸಾಕು. ಹೊಲದವರು ಕಣದಲ್ಲಿ ತೂರುವಾಗ ನೋಡಿಲ್ವಾ, ಹಾಗೆ. ಗಾಳಿಯಂತ್ರದಿಂದ ಒಂದು ಕಿಲೋಮೀಟರಾದರೂ ದೂರ ಇದ್ದರೆ ನಿದ್ದೆಗೆ ಒಳ್ಳೆಯದು. ಹಗಲು ಕೇಳಿಸದ ‘ಹುಷ್ ಹುಷ್’ ಸದ್ದು ರಾತ್ರಿ ಚೆನ್ನಾಗಿ ಕೇಳುತ್ತದೆ. ಬೆಂಗಳೂರು–ಪುಣೆ ಹೆದ್ದಾರಿಯ ಲಾರಿಗಳದೂ ಅದೇ ಕಥೆ.

ಬೋರ್ ನೀರಿನ ವಿಚಾರ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಎರಡೂ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಮಿತಿ, ದಾಟಿದ ಕಡೆಗಳು ಬೇಕಾದಷ್ಟಿವೆ. ಒಂದೆರಡು ದಿನ ಕುಡಿದರೆ ಏನೂ ಆಗಲಿಕ್ಕಿಲ್ಲ. ಆದರೆ ‘ಕುದಿಸಿದ್ದೇವೆ, ಏನೂ ಆಗಲ್ಲ’ ಎನ್ನುವವರನ್ನು ನಂಬಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳಿ. ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ ಐದು ಲೀಟರ್ ಇಟ್ಟುಕೊಳ್ಳಿ. ಬೇಸಿಗೆಯಾದರೆ ಇನ್ನೂ ಜಾಸ್ತಿ.

ರಾತ್ರಿ ಬರುವವರು

ಚಿರತೆ, ಕರಡಿ ಎರಡೂ ಈ ಗುಡ್ಡಗಳಲ್ಲಿವೆ. ಕರಡಿ ಸಂಜೆ ಹೊತ್ತು ಇಳಿಯುತ್ತದೆ. ಸೀತಾಫಲ ಹಣ್ಣಾಗುವ ಕಾಲದಲ್ಲಂತೂ ಗುಡ್ಡದ ಬುಡಕ್ಕೇ ಬರುತ್ತದೆ. ಗುಹೆ, ಬಂಡೆ ಸಂದು, ಸೀತಾಫಲದ ಪೊದೆ ಇರುವ ಕಡೆ ಟೆಂಟ್ ಬೇಡ. ತಿನ್ನುವ ಸಾಮಾನು ಕಾರಿನೊಳಗೆ ಇಡಿ. ಆದರೆ ಪ್ರಾಣಿಗಿಂತ ನನಗೆ ಹೆದರಿಕೆ ತಂತಿಯದು. ಹಂದಿ ಕಾಟ ತಡೆಯಲು ಶೇಂಗಾ, ಮೆಕ್ಕೆಜೋಳದ ಹೊಲಕ್ಕೆ ಕೆಲವರು ಕಾನೂನು ಮೀರಿ ನೇರ ಕರೆಂಟ್ ಹರಿಸುತ್ತಾರೆ. ಕತ್ತಲಲ್ಲಿ ಬಹಿರ್ದೆಸೆಗೆ ಹೋದವರಿಗೆ ಅದು ಕಾಣುವುದಿಲ್ಲ. ಪಕ್ಕದ ಹೊಲದವರನ್ನು ಹಗಲೇ ಕಂಡು ‘ತಂತಿ ಎಲ್ಲಿದೆ?’ ಎಂದು ಬಾಯಿಬಿಟ್ಟು ಕೇಳಿ.

ಹಾವಿನ ವಿಚಾರದಲ್ಲಿ ಒಂದೇ ನಿಯಮ: ಬರಿ ನೆಲದ ಮೇಲೆ ಮಲಗಬೇಡಿ. ಕಟ್ಟುಹಾವು ರಾತ್ರಿ ಓಡಾಡುತ್ತದೆ, ಮಲಗಿದ್ದವರನ್ನು ಕಚ್ಚಿದರೆ ಎಷ್ಟೋ ಸಲ ನೋವೂ ಗೊತ್ತಾಗುವುದಿಲ್ಲ. ಟೆಂಟಿನ ಜಿಪ್ ಯಾವಾಗಲೂ ಎಳೆದಿರಲಿ, ಬೂಟು ಒಳಗಿರಲಿ, ಹೊರಗೆ ಕಾಲಿಡುವ ಮೊದಲು ಟಾರ್ಚ್. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದು ಯಾವುದೂ ಬೇಡ. ಕೈಕಾಲು ಅಲುಗಾಡಿಸದಂತೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಅದಕ್ಕೇ, ಫೋನ್ ಸಿಗ್ನಲ್ ಇಲ್ಲದ ಜಾಗ ಎಷ್ಟೇ ಚೆಂದವಿದ್ದರೂ ಬೇಡ. ಆಂಬುಲೆನ್ಸ್ ಬರುವ ರಸ್ತೆಯೂ ಇರಬೇಕು.

ಗ್ಲ್ಯಾಂಪಿಂಗ್ ಆದರೆ ಫೋನಿನಲ್ಲಿ ಏನು ಕೇಳಬೇಕು?

ಮಂಚ, ಹಾಸಿಗೆ, ಪಕ್ಕದಲ್ಲೇ ಬಚ್ಚಲು ಇರುವ ದೊಡ್ಡ ಟೆಂಟು. ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಇದೇ ಸರಿ. ಇಲ್ಲಿ ನೆಲ ನೋಡುವ ಕೆಲಸ ಅವರದು, ಅವರನ್ನು ನೋಡುವ ಕೆಲಸ ನಿಮ್ಮದು.

ಫೋಟೋ ಯಾವ ತಿಂಗಳಿನದು ಎಂದು ಕೇಳಿ. ನವೆಂಬರಿನ ಹಸಿರು ಮಾರ್ಚಿಗೆ ಇರುವುದಿಲ್ಲ. ನಿನ್ನೆ ಮೊನ್ನೆಯ ವಿಡಿಯೊ ಕಳಿಸಿ ಅನ್ನಿ. ಹಿಂದೆಮುಂದೆ ನೋಡುವವರ ಹತ್ತಿರ ಬುಕ್ ಮಾಡಬೇಡಿ. ಬಚ್ಚಲು ಟೆಂಟಿಗೆ ಸೇರಿದ್ದೋ, ಐವತ್ತು ಹೆಜ್ಜೆ ಆಚೆಯದೋ? ಕರೆಂಟ್ ಹೋದರೆ ಬ್ಯಾಟರಿ ಇದೆಯೋ, ಜನರೇಟರೋ? ಜನರೇಟರ್ ಆದರೆ ನಿಮ್ಮ ಟೆಂಟಿನಿಂದ ಎಷ್ಟು ದೂರ? ರಾತ್ರಿ ಯಾರು ಇರುತ್ತಾರೆ? ಮ್ಯಾನೇಜರ್ ಊರಿಗೆ ಹೋಗಿ ಬರೀ ನಾಯಿ ಕಾವಲಿರುವ ಜಾಗಗಳೂ ಇವೆ. ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ನೋಂದಣಿ ಇದೆಯೋ ಎಂದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಕೊನೆಯ ಎರಡು ಕಿಲೋಮೀಟರ್ ರಸ್ತೆಗೆ ನಿಮ್ಮ ಕಾರು ಇಳಿಯುತ್ತದಾ ಅನ್ನುವುದನ್ನು ಕಾರಿನ ಹೆಸರು ಹೇಳಿಯೇ ಕೇಳಿ. ಸುತ್ತ ಕಲ್ಲುಕ್ವಾರಿ ಇದೆಯಾ, ಸಿಡಿಸುವುದು ಎಷ್ಟು ಹೊತ್ತಿಗೆ ಅನ್ನುವುದೂ ಬಿಡಬೇಡಿ.

ಊಟಕ್ಕೆ ಏನು ಕೊಡುತ್ತಾರೆ ಎಂದು ಕೇಳಿದಾಗ ಪಾಸ್ತಾ, ಬಾರ್ಬೆಕ್ಯೂ ಎಂದಷ್ಟೇ ಪಟ್ಟಿ ಓದಿದರೆ ನನಗೆ ಅನುಮಾನ. ದಾವಣಗೆರೆ ಸೀಮೆಯಲ್ಲಿ ನಿಂತು ಸಂಜೆಗೆ ಮಂಡಕ್ಕಿ–ಮಿರ್ಚಿ ಕೊಡದವರು ಸುತ್ತಲಿನ ಊರಿನ ಜೊತೆ ಎಷ್ಟು ಸೇರಿಕೊಂಡಿದ್ದಾರೋ!

ದುಡ್ಡು ಕಟ್ಟುವ ಮುಂಚೆ ಜಾತ್ರೆಯ ಲೆಕ್ಕವನ್ನೂ ನೋಡಿ. ಮಾರ್ಚ್ ಹೊತ್ತಿಗೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು ಇದ್ದಾಗ ಆ ಕಡೆಯ ರಸ್ತೆಯೆಲ್ಲ ಜನವೋ ಜನ. ಜಾತ್ರೆ ನೋಡಲೆಂದೇ ಹೋಗುವವರಿಗೆ ಸರಿ, ಸದ್ದಿಲ್ಲದ ರಾತ್ರಿ ಬೇಕೆನ್ನುವವರು ತಾರೀಖು ಬದಲಿಸಿ. ಮುಂಗಡ ಅರ್ಧಕ್ಕಿಂತ ಜಾಸ್ತಿ ಕೇಳಿದರೆ ಚೌಕಾಸಿ ಮಾಡಿ. ಮಳೆ ಬಂದು ಬರಲಾಗದಿದ್ದರೆ ಹಣ ವಾಪಸ್ಸೋ, ಬೇರೆ ದಿನ ಕೊಡುತ್ತಾರೋ ಅನ್ನುವುದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ‘ನೋಡೋಣ ಬನ್ನಿ ಸಾರ್’ ಅಂದದ್ದು ಲೆಕ್ಕಕ್ಕಿಲ್ಲ.