ಕೊಲಾಜನ್ ಜೆಲ್‌ನಲ್ಲಿ ಕ್ಯಾನ್ಸರ್ ಕೋಶಗಳ ನುಸುಳುವಿಕೆ: ನಾನು ಅಳೆಯುವ ಬಗೆ

ಕ್ಯಾನ್ಸರ್ ಕೋಶಗಳು ಗೆಡ್ಡೆ ಬಿಟ್ಟು ಸುತ್ತಲಿನ ಅಂಗಾಂಶದೊಳಗೆ ಹೇಗೆ ನುಗ್ಗುತ್ತವೆ ಎಂದು ನೋಡಲು ನಾನು ಸ್ಫೆರಾಯ್ಡ್ ವಿಧಾನ ಬಳಸುತ್ತೇನೆ. ಕೋಶಗಳನ್ನು ಉಂಡೆಯಾಗಿಸಿ, ಅಂಗಾಂಶದ ಎಳೆಗಳಾಗುವ ಪ್ರೊಟೀನ್ ಆದ ಕೊಲಾಜನ್‌ನ ಜೆಲ್‌ನಲ್ಲಿ ಹುದುಗಿಸಿ, 0, 24, 48, 72 ಗಂಟೆಗೆ ಚಿತ್ರ ತೆಗೆಯುವುದು. ಉಂಡೆ ಕಟ್ಟುವುದು ದೊಡ್ಡ ವಿಷಯವಲ್ಲ, ಎಲ್ಲ ಕೆಡುವುದು ಜೆಲ್‌ನಲ್ಲೇ.

ಕೋಶ ಅಂಟದಂಥ, ದುಂಡು ತಳದ 96 ಗುಳಿಯ ಪ್ಲೇಟ್‌ನಲ್ಲಿ ಗುಳಿಗೆ 1000 ಕೋಶ ಹಾಕಿ, 300 ಜಿ ಬಲದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಮೂರು ದಿನ ಬಿಡುತ್ತೇನೆ. ಎಂಡಿಎ-ಎಂಬಿ-231 ಎಂಬ ಸ್ತನ ಕ್ಯಾನ್ಸರ್ ಕೋಶಗಳು ಬಿಗಿಯಾದ ಉಂಡೆ ಕಟ್ಟುವುದಿಲ್ಲ. ಅವಕ್ಕೆ ಮೀಡಿಯಂನಲ್ಲಿ (ಕೋಶ ಬೆಳೆಸುವ ಪೋಷಕ ದ್ರವ) 2.5% ಮ್ಯಾಟ್ರಿಜೆಲ್ ಎಂಬ ಪ್ರೊಟೀನ್ ಜೆಲ್ ಬೆರೆಸಬೇಕು.

1 ಮಿ.ಲೀ.ಗೆ 2 ಮಿ.ಗ್ರಾಂ ಸಾಂದ್ರತೆಯ 1 ಮಿ.ಲೀ. ಜೆಲ್‌ಗೆ: 4 ಮಿ.ಗ್ರಾಂ/ಮಿ.ಲೀ. ಕೊಲಾಜನ್ 500 ಮೈಕ್ರೋಲೀಟರ್, ಪಿಎಚ್‌ಗೆ ತಕ್ಕಂತೆ ಬಣ್ಣ ಬದಲಿಸುವ ಫಿನಾಲ್ ರೆಡ್ ಇರುವ, ಹತ್ತು ಪಟ್ಟು ಸಾಂದ್ರತೆಯ ಮೀಡಿಯಂ 100, ತಣ್ಣನೆಯ ಸ್ಟೆರೈಲ್ ನೀರು ಸುಮಾರು 388, 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಸುಮಾರು 11.5. ಎಲ್ಲವೂ ಐಸ್ ಮೇಲೆ, ಪಿಪೆಟ್ ಟಿಪ್‌ಗಳೂ ತಣ್ಣಗಿರಬೇಕು. ಕೊಲಾಜನ್ ಕೊನೆಗೆ. 11.5 ಎಂಬುದು ಆರಂಭದ ಲೆಕ್ಕ ಅಷ್ಟೆ, ಪ್ರತಿ ಹೊಸ ಬಾಟಲಿಗೂ ಪಿಎಚ್ ಪಟ್ಟಿಯಲ್ಲಿ 7.2ರಿಂದ 7.4 ಬರುವಂತೆ ಸರಿಪಡಿಸಿಕೊಳ್ಳುತ್ತೇನೆ. ಹಳದಿ ಉಳಿದರೆ ಜೆಲ್ ಗಟ್ಟಿಯಾಗದು. ನೇರಳೆಗೆ ತಿರುಗಿದರೆ ಕ್ಷಾರ ಜಾಸ್ತಿ, ಕೋಶಗಳು ಸಾಯುತ್ತವೆ. ಗುಳ್ಳೆ ಏಳದಂತೆ ನಿಧಾನವಾಗಿ ಬೆರೆಸಿ.

ಮೊದಲು ಚಪ್ಪಟೆ ತಳದ ಗುಳಿಗೆ 50 ಮೈಕ್ರೋಲೀಟರ್ ಜೆಲ್ ಹಾಕಿ, ಅರ್ಧಂಬರ್ಧ ಗಟ್ಟಿಯಾಗಲು ಬಿಡುತ್ತೇನೆ. ಆಮೇಲೆ ತುದಿ ಕತ್ತರಿಸಿದ ಟಿಪ್‌ನಲ್ಲಿ ಸ್ಫೆರಾಯ್ಡ್ ಎತ್ತಿ, 100 ಮೈಕ್ರೋಲೀಟರ್ ತಣ್ಣನೆಯ ಜೆಲ್ ಜೊತೆ ಮೇಲೆ ಬಿಡುತ್ತೇನೆ. ತಳದ ಪದರ ಇಲ್ಲದಿದ್ದರೆ ಉಂಡೆ ಪ್ಲಾಸ್ಟಿಕ್‌ಗೆ ಇಳಿದುಬಿಡುತ್ತದೆ. ಆಗ ಕೋಶಗಳು ನೆಲದ ಮೇಲೆ ತೆವಳಿ ಹರಡುತ್ತವೆ. ಮೇಲಿಂದ ನೋಡಿದರೆ ಭರ್ಜರಿ ನುಸುಳುವಿಕೆಯೇ! ಫೋಕಸ್ ಮೇಲೆ ಕೆಳಗೆ ಮಾಡಿ, ಎಲ್ಲ ಕೋಶಗಳೂ ಒಂದೇ ಸಮತಲದಲ್ಲಿ ಕಂಡರೆ ಆ ಗುಳಿಯನ್ನು ಲೆಕ್ಕದಿಂದ ತೆಗೆದುಬಿಡಿ. ಹಾಗಂತ ತಳದ ಪದರ ಪೂರ್ತಿ ಗಟ್ಟಿಯಾಗಲೂ ಬಾರದು. ಎರಡು ಪದರ ಬೆಸೆಯದೆ ನಡುವಿನ ಸಂದಿಯೇ ಕೋಶಗಳಿಗೆ ದಾರಿಯಾಗುತ್ತದೆ.

ಗಟ್ಟಿಯಾಗಿಸುವ ಉಷ್ಣತೆ ಬದಲಾಯಿಸಬೇಡಿ. 37 ಡಿಗ್ರಿಯಲ್ಲಿ ಎಳೆಗಳು ಸಣ್ಣ, ರಂಧ್ರಗಳೂ ಸಣ್ಣ; ಕೋಣೆಯ ಉಷ್ಣತೆಯಲ್ಲಿ ಎಳೆಗಳು ದಪ್ಪ, ರಂಧ್ರಗಳು ದೊಡ್ಡವು. ಕೋಶದ ಉಳಿದ ಭಾಗ ಎಷ್ಟಾದರೂ ಹಿಸುಕಿಕೊಳ್ಳುತ್ತದೆ, ಸಿಕ್ಕಿಕೊಳ್ಳುವುದು ನ್ಯೂಕ್ಲಿಯಸ್. ರಂಧ್ರ ದೊಡ್ಡದಿದ್ದರೆ ಕೋಶ ಎಳೆಗಳನ್ನು ಕತ್ತರಿಸದೆಯೇ ತೂರಿಕೊಂಡು ಹೋಗುತ್ತದೆ. ಸಣ್ಣದಿದ್ದರೆ ಎಳೆಗಳನ್ನು ಕತ್ತರಿಸುವ ಎಂಎಂಪಿ ಕಿಣ್ವಗಳಿಂದ, ಮುಖ್ಯವಾಗಿ ಕೋಶದ ಮೈಮೇಲಿರುವ ಎಂಎಂಪಿ-14ರಿಂದ, ದಾರಿ ಕೊರೆಯಲೇಬೇಕು.

ಕೊಲಾಜನ್ ತೆಗೆದ ಬಗೆಯೂ ಅಷ್ಟೇ ಮುಖ್ಯ. ಪೆಪ್ಸಿನ್ ಎಂಬ ಕಿಣ್ವ ಹಾಕಿ ತೆಗೆದದ್ದರಲ್ಲಿ ಅಣುಗಳನ್ನು ಒಂದಕ್ಕೊಂದು ಬಿಗಿಯುವ ತುದಿಗಳು ಕತ್ತರಿಸಿ ಹೋಗಿರುತ್ತವೆ. ಅಂಥ ಜೆಲ್‌ನಲ್ಲಿ ಎಂಎಂಪಿ ತಡೆಯುವ ಜಿಎಂ6001 ಹಾಕಿದರೂ ಕೋಶಗಳು ಸಾಗುತ್ತವೆ. ಆಮ್ಲದಲ್ಲಿ ತೆಗೆದ ಕೊಲಾಜನ್‌ನಲ್ಲಿ ಅದೇ ಕೋಶಗಳು ನಿಂತುಬಿಡುತ್ತವೆ. 'ಟೈಪ್ 1 ಕೊಲಾಜನ್' ಎಂದಷ್ಟೇ ಬರೆದ ಪ್ರಬಂಧದಿಂದ ಎಂಎಂಪಿ ಬೇಕೋ ಬೇಡವೋ ಎಂದು ನಾನು ತೀರ್ಮಾನಿಸುವುದಿಲ್ಲ. ನಾನು ಬಳಸುವುದು ಆಮ್ಲದಲ್ಲಿ ತೆಗೆದ ಇಲಿ ಬಾಲದ್ದು. ಜಿಎಂ6001ರ ಪ್ರಮಾಣ 10 ಮೈಕ್ರೋಮೋಲಾರ್; ಹೋಲಿಕೆಗೆ ಪಕ್ಕದ ಗುಳಿಯಲ್ಲಿ, ಅದನ್ನು ಕರಗಿಸುವ ದ್ರಾವಕ ಡಿಎಂಎಸ್ಒ ಮಾತ್ರ, ಅಷ್ಟೇ ಪ್ರಮಾಣದಲ್ಲಿ.

ಅಳತೆಗೆ ಫಿಜಿ ಎಂಬ ಚಿತ್ರ ವಿಶ್ಲೇಷಣೆಯ ತಂತ್ರಾಂಶ ಸಾಕು: ಆ ಹೊತ್ತಿನ ವಿಸ್ತೀರ್ಣದಿಂದ 0 ಗಂಟೆಯದನ್ನು ಕಳೆದು, 0 ಗಂಟೆಯದರಿಂದಲೇ ಭಾಗಿಸುವುದು. ಆದರೆ ಬರೀ ಬೆಳೆದ ಉಂಡೆಯೂ ಅಗಲವಾಗುತ್ತದೆ. ಅಂಚು ನುಣುಪಾಗಿದ್ದರೆ ಅದು ಬೆಳವಣಿಗೆ. ಬೆರಳುಗಳಂತೆ ಚಾಚಿದ ಸಾಲುಗಳೋ ಬಿಡಿ ಕೋಶಗಳೋ ಕಂಡರೆ ನುಸುಳುವಿಕೆ. ಅನುಮಾನ ಬಂದರೆ ವಿಭಜನೆ ತಡೆಯುವ ಮೈಟೊಮೈಸಿನ್-ಸಿ ಹಾಕಿದ ಒಂದು ಸಾಲನ್ನೂ ಇಡುತ್ತೇನೆ.