ಪ್ಲಸ್ ಮೊದಲು, ಸಂಖ್ಯೆ ಆಮೇಲೆ: ಪ್ರಿಫಿಕ್ಸ್ ನನಗೆ ರೂಢಿಯಾದ ಬಗೆ

ರ‍್ಯಾಕೆಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತವರಿಗೆ ಮೊದಲು ಎದುರಾಗುವುದು (+ 2 3), ಅಂದರೆ 2 + 3. ಹೀಗೆ ಚಿಹ್ನೆಯನ್ನು ಮೊದಲು ಬರೆಯುವುದೇ ಪ್ರಿಫಿಕ್ಸ್. ಸಿ, ಜಾವಾ ಬರೆದು ಪಳಗಿದ ಕೈಗೆ ಇದು ಹಿಂದುಮುಂದಾಗಿ ಕಾಣುತ್ತದೆ. ನನಗೆ ದಾರಿ ಸಿಕ್ಕಿದ್ದು ಒಂದು ಸಣ್ಣ ಅಭ್ಯಾಸದಿಂದ: ಲೆಕ್ಕದಲ್ಲಿ ಕಟ್ಟಕಡೆಗೆ ಮಾಡುವ ಕೆಲಸ ಯಾವುದೋ, ಅದನ್ನೇ ಮೊದಲು ಬರೆಯುವುದು.

ಶಾಲೆಯ ಸರಳ ಬಡ್ಡಿ ಲೆಕ್ಕ ತಗೊಳ್ಳಿ. ಅಸಲು, ದರ, ವರ್ಷ ಮೂರನ್ನೂ ಗುಣಿಸಿ 100ರಿಂದ ಭಾಗಿಸುತ್ತೇವೆ. ಕೊನೆಯ ಕೆಲಸ ಭಾಗಾಕಾರ. ಹಾಗಾಗಿ ಮೊದಲು ಅದರ ಬ್ರಾಕೆಟ್ ತೆರೆಯುತ್ತೇನೆ. ಏನನ್ನು ಭಾಗಿಸಬೇಕೋ ಅದನ್ನು ಆಮೇಲೆ ಒಳಗೆ ತುಂಬುತ್ತೇನೆ:

(/ (* ಅಸಲು ದರ ವರ್ಷ) 100)

ರ‍್ಯಾಕೆಟ್‌ನಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಅಸಲು 10,000, ದರ 8, ವರ್ಷ 2 ಎಂದು ಕೊಟ್ಟರೆ 1600 ಬರುತ್ತದೆ. ಅಸಲೂ ಸೇರಿಸಿ ಒಟ್ಟು ಬೇಕಾ? ಈಗ ಕೊನೆಯ ಕೆಲಸ ಕೂಡುವುದು. ಇಡೀ ಸಾಲನ್ನು ಹಾಗೇ ಎತ್ತಿ ಹೊಸ ಬ್ರಾಕೆಟ್‌ನೊಳಗೆ ಇಟ್ಟರಾಯಿತು:

(+ ಅಸಲು (/ (* ಅಸಲು ದರ ವರ್ಷ) 100))

ಗುಣಾಕಾರ ಮೊದಲೋ ಸಂಕಲನ ಮೊದಲೋ ಅನ್ನುವ ನಿಯಮ ನೆನಪಿಡಬೇಕಿಲ್ಲ. ಈ ನೆಮ್ಮದಿ ನನಗೆ ತುಂಬಾ ಇಷ್ಟ.

ಇಷ್ಟೊಂದು ಬ್ರಾಕೆಟ್ ಯಾಕೆ ಅಂತ ಕೇಳುವವರು ಜಾಸ್ತಿ. 1924ರಲ್ಲಿ ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಶೆವಿಚ್ ಈ ಬರವಣಿಗೆಯನ್ನು ಯೋಚಿಸಿದ್ದೇ ಬ್ರಾಕೆಟ್ ಬೇಡ ಅಂತ. ಅಲ್ಲಿ ಪ್ರತಿ ಚಿಹ್ನೆಗೂ ಎಷ್ಟು ಪದ ಬೇಕೆಂಬುದು ಮೊದಲೇ ಗೊತ್ತಿರುತ್ತದೆ, ಹಾಗಾಗಿ ಬ್ರಾಕೆಟ್ ಬೇಕಿಲ್ಲ. 1958ರಲ್ಲಿ ಜಾನ್ ಮೆಕಾರ್ಥಿ ಶುರು ಮಾಡಿದ ಲಿಸ್ಪ್ ಭಾಷೆ ಮತ್ತು ಅದರಿಂದ ಬಂದ ರ‍್ಯಾಕೆಟ್, ಕ್ಲೋಜರ್ ಹಾಗಲ್ಲ. (+ 1 2 3 4) ಕೂಡ ಸರಿ, ಏನೂ ಕೊಡದ (+) ಕೂಡ ಸರಿ, ಅದರ ಉತ್ತರ 0. ಪಟ್ಟಿ ಎಲ್ಲಿ ಮುಗಿಯಿತು ಅಂತ ಹೇಳಲು ಬ್ರಾಕೆಟ್ ಬೇಕೇ ಬೇಕು, ಅಲ್ವಾ?

ಹೆಚ್ಚು ತಿಣುಕಿಸಿದ್ದು ಹೋಲಿಕೆ. (> ಅ ಬ) ಕಂಡಾಗ ಯಾವುದು ದೊಡ್ಡದು? ನಾನು ಮನಸ್ಸಿನಲ್ಲೇ ಚಿಹ್ನೆಯನ್ನು ಒಂದು ಮನೆ ಬಲಕ್ಕೆ ಸರಿಸಿ 'ಅ > ಬ' ಎಂದು ಓದುತ್ತಿದ್ದೆ. ಕಳೆಯುವುದಕ್ಕೂ ಭಾಗಿಸುವುದಕ್ಕೂ ಇದೇ ಉಪಾಯ ನಡೆಯುತ್ತದೆ. ಆಮೇಲೆ ಇದರ ಲಾಭ ಕಂಡಿತು. ಅಂಕ 0 ಮತ್ತು 100ರ ನಡುವೆ ಇದೆಯಾ ಎಂದು ನೋಡಲು (< 0 ಅಂಕ 100) ಸಾಕು. ಸಿ ಭಾಷೆಯಲ್ಲಿ 0 < ಅಂಕ < 100 ಎಂದು ಬರೆದರೆ ಮೊದಲ ಹೋಲಿಕೆಯ ಉತ್ತರವಾದ 0 ಅಥವಾ 1 ಅನ್ನು 100ಕ್ಕೆ ಹೋಲಿಸುತ್ತದೆ. ಅಂಕ ಎಷ್ಟೇ ಇರಲಿ, ಉತ್ತರ ಯಾವಾಗಲೂ ನಿಜ!

ಮುಚ್ಚುವ ಬ್ರಾಕೆಟ್ ಎಣಿಸುವುದನ್ನು ನಾನು ಬಿಟ್ಟೇಬಿಟ್ಟೆ. ಅದು ಎಡಿಟರ್, ಅಂದರೆ ಕೋಡ್ ಬರೆಯುವ ತಂತ್ರಾಂಶದ ಕೆಲಸ. ರ‍್ಯಾಕೆಟ್‌ನ ಎಡಿಟರ್ ಆದ ಡಾಕ್ಟರ್‌ರ‍್ಯಾಕೆಟ್‌ನಲ್ಲಿ ಟ್ಯಾಬ್ ಒತ್ತಿದರೆ ಸಾಲು ತನ್ನ ಜಾಗಕ್ಕೆ ಸರಿಯುತ್ತದೆ. ನಾವಂದುಕೊಂಡ ಜಾಗಕ್ಕೆ ಬರಲಿಲ್ಲವೆಂದರೆ ಬ್ರಾಕೆಟ್ ಎಲ್ಲೋ ತಪ್ಪಿದೆ ಅಂತ ಅರ್ಥ. ಬೇರೆಯವರ ಕೋಡ್ ಓದುವಾಗಲೂ ನಾನು ನೋಡುವುದು ಎರಡೇ: ಪ್ರತಿ ಬ್ರಾಕೆಟ್ ತೆರೆದ ತಕ್ಷಣ ಬರುವ ಪದ, ಮತ್ತು ಸಾಲು ಎಷ್ಟು ಒಳಗೆ ಸರಿದಿದೆ ಎಂಬುದು. ಒಳಗೊಳಗೇ ಆಳ ಜಾಸ್ತಿಯಾದರೆ ನಡುವಿನ ತುಂಡಿಗೆ 'ಬಡ್ಡಿ' ಅಂತ ಒಂದು ಹೆಸರು ಕೊಟ್ಟು ಹೊರಗೆ ತರುತ್ತೇನೆ. ಆಗ ಮೇಲಿನ ಉದ್ದ ಸಾಲು ಸುಮ್ನೆ (+ ಅಸಲು ಬಡ್ಡಿ) ಆಗುತ್ತದೆ.