ಹಳೇ ಸೋಲ್ಡರ್‌ನಲ್ಲಿ ತವರ ಎಷ್ಟು, ಸೀಸ ಎಷ್ಟು? ಮನೆಯಲ್ಲೇ ಲೆಕ್ಕ ಹಾಕಿ

ಅಪ್ಪನ ರೇಡಿಯೊ ರಿಪೇರಿ ಡಬ್ಬಿಯ ತಳದಲ್ಲಿ ಮೊನ್ನೆ, ವೈರು ಬೆಸೆಯಲು ಬಳಸುವ ಸೋಲ್ಡರ್ ತಂತಿಯ ಸುರುಳಿಯೊಂದು ಸಿಕ್ಕಿತು. ಲೇಬಲ್ಲನ್ನು ಜಿರಲೆ ಮೇಯ್ದಿತ್ತು. ಉಳಿದದ್ದು ಒಂದು ಸೊನ್ನೆ ಮಾತ್ರ. ಅದು 60/40ರ ಸೊನ್ನೆಯೋ, 50/50ರದೋ, 40/60ರದೋ ದೇವರಿಗೇ ಗೊತ್ತು. ರಿಪೇರಿ ಅಂಗಡಿಯವರನ್ನು ಕೇಳಿದರೆ ಎಲ್ಲವೂ ‘ಲೆಡ್ಡು’. ಸೀಸವೇ ಇಲ್ಲದ ಹೊಸ ತಂತಿಗೂ ಲೆಡ್ಡು ಅಂತಲೇ ಅನ್ನುತ್ತಾರೆ!

ಆ ಅಂಕಿಗಳಲ್ಲಿ ಸಾಮಾನ್ಯವಾಗಿ ಮೊದಲನೆಯದು ತವರ, ಎರಡನೆಯದು ಸೀಸ. ಎರಡೂ ತೂಕದ ಲೆಕ್ಕ. 60/40 ಬೇಗ ಕರಗಿ ಬೇಗ ಗಟ್ಟಿಯಾಗುತ್ತದೆ, ಸರ್ಕಿಟ್ ಬೋರ್ಡಿಗೆ ಚೆನ್ನ. 40/60 ಗಟ್ಟಿಯಾಗುವ ಮುಂಚೆ ಸ್ವಲ್ಪ ಹೊತ್ತು ಅಂಬಲಿಯ ಹಾಗೆ ಇರುತ್ತದೆ. ತಗಡಿನ ಕೆಲಸದವರಿಗೆ ಅದೇ ಅನುಕೂಲ, ಆದರೆ ಬೋರ್ಡಿನ ಮೇಲೆ ಆ ಹೊತ್ತಿನಲ್ಲಿ ತಂತಿ ಚೂರು ಅಲುಗಿದರೂ ಜಾಯಿಂಟ್ ಕೆಟ್ಟಿತು ಅಂತಲೇ ಲೆಕ್ಕ. ಹಾಗಾಗಿ ಯಾವುದು ಅಂತ ಗೊತ್ತಾಗಬೇಕು.

ಮೊದಲು ಕೈಗೆ ಸುಲಭವಾದ ಪರೀಕ್ಷೆ. ಬಿಳಿ ಹಾಳೆಯ ಮೇಲೆ ಸೋಲ್ಡರ್ ಉಜ್ಜಿ. ಪೆನ್ಸಿಲ್ ಗೀಟಿನಂಥ ಬೂದು ಗುರುತು ಬಿದ್ದರೆ ಸೀಸ ಇರಬಹುದು ಅಂದುಕೊಳ್ಳಿ. ಬೆರಳು ಗಾತ್ರದ ಕಡ್ಡಿಯಾದರೆ ಕಿವಿಯ ಹತ್ತಿರ ಹಿಡಿದು ಬಗ್ಗಿಸಿ. ಚಿಟಿಚಿಟಿ ಸದ್ದು ಬಂದರೆ ತವರ ಜಾಸ್ತಿ, ಸೀಸ ಬಾಯಿಬಿಡುವುದಿಲ್ಲ. ಇವೆರಡೂ ಬರೀ ಸುಳಿವು. ಎಷ್ಟು ಪಾಲು ಅಂತ ಹೇಳಲಾರವು. ಹೊಳಪು ನೋಡಿ ಹೇಳುತ್ತೇನೆ ಅನ್ನುವವರನ್ನಂತೂ ನಾನು ನಂಬುವುದಿಲ್ಲ. ಹಳೇ ಸೋಲ್ಡರ್ ಎಲ್ಲವೂ ಮಂಕಾಗಿಯೇ ಇರುತ್ತದೆ.

ನಿಜವಾದ ಉತ್ತರ ತೂಕದಲ್ಲಿದೆ. ಒಂದು ಮಿಲಿ ಜಾಗದಲ್ಲಿ ತವರ ಹಿಡಿಯುವುದು 7.29 ಗ್ರಾಂ, ಸೀಸ 11.34 ಗ್ರಾಂ. ವ್ಯತ್ಯಾಸ ಇಷ್ಟು ದೊಡ್ಡದಿರುವಾಗ ಎರಡರ ಮಿಶ್ರಣದ ಸಾಂದ್ರತೆ ಸಿಕ್ಕರೆ ಪಾಲೂ ಸಿಕ್ಕ ಹಾಗೆಯೇ ಅಲ್ವಾ?

ಆದರೆ ತಂತಿಯನ್ನು ಹಾಗೇ ನೀರಿಗೆ ಇಳಿಸಬೇಡಿ, ನಾನು ಮೊದಲ ಸಲ ಎಡವಿದ್ದೇ ಇಲ್ಲಿ. ಬೆಸುಗೆ ಚೆನ್ನಾಗಿ ಹಿಡಿಯಲಿ ಅಂತ ತಂತಿಯ ನಡುವೆ ರಾಳ ತುಂಬಿರುತ್ತದೆ. ತೂಕದಲ್ಲಿ ಅದು ನೂರಕ್ಕೆ ಎರಡು ಪಾಲು ಇದ್ದರೂ ಹಗುರವಾದ್ದರಿಂದ ಜಾಗ ಬಹಳ ತಿನ್ನುತ್ತದೆ. ಅಷ್ಟು ರಾಳ ಇರುವ 60/40 ತಂತಿಯ ಸಾಂದ್ರತೆ 7.5ರ ಹತ್ತಿರ ಬಂದು, ಸೀಸವೇ ಇಲ್ಲವೇನೋ ಅನ್ನಿಸಿಬಿಡುತ್ತದೆ.

ಅದಕ್ಕೆ ಕರಗಿಸಿ ಉಂಡೆ ಮಾಡಿಕೊಳ್ಳಬೇಕು. ಮನೆ ಹೊರಗೆ, ಗಾಳಿ ಆಡುವ ಕಡೆ, ಕರೆಂಟ್ ಒಲೆಯ ಮೇಲೆ ಹಳೇ ಸ್ಟೀಲ್ ಬಟ್ಟಲು ಇಡಿ. ಆ ಬಟ್ಟಲು ಮತ್ತೆ ಅಡುಗೆಮನೆಗೆ ಹೋಗಬಾರದು, ಎಷ್ಟು ಉಜ್ಜಿ ತೊಳೆದರೂ ಬೇಡ. ನಲವತ್ತು ಐವತ್ತು ಗ್ರಾಂ ಸೋಲ್ಡರ್ ಸಾಕು. ಕಣ್ಣಿಗೆ ಕನ್ನಡಕ ಇರಲಿ, ಹತ್ತಿರ ಒಂದು ಹನಿ ನೀರೂ ಬೇಡ, ಕರಗಿದ ಲೋಹಕ್ಕೆ ನೀರು ಬಿದ್ದರೆ ಸಿಡಿಯುತ್ತದೆ. ಏಳುವ ಹೊಗೆ ರಾಳದ್ದು, ಎದೆಗೆ ಒಳ್ಳೆಯದಲ್ಲ, ಗಾಳಿ ಬರುವ ದಿಕ್ಕಿಗೆ ನಿಲ್ಲಿ. ಕಪ್ಪು ಕಸ ಮೇಲೆ ತೇಲಿದ ಮೇಲೆ ಚಮಚದಿಂದ ಬದಿಗೆ ಸರಿಸಿ, ಒಲೆ ಆರಿಸಿ, ತಾನಾಗಿ ತಣ್ಣಗಾಗಲು ಬಿಡಿ.

ಈಗ 0.01 ಗ್ರಾಂ ತೋರಿಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಉಂಡೆಯನ್ನು ಚೊಕ್ಕ ಮಾಡಿ ತೂಗಿ. ನನ್ನದು 42.60 ಗ್ರಾಂ ಬಂತು. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಉಂಡೆಗೆ ಹೊಲಿಗೆ ದಾರ ಕಟ್ಟಿ, ಬೇರೆ ಯಾವುದಾದರೂ ಕಂಬಿಯಿಂದ ಇಳಿಬಿಟ್ಟು ನೀರಲ್ಲಿ ಪೂರ್ತಿ ಮುಳುಗಿಸಿ. ಲೋಟದ ತಳಕ್ಕೂ ಗೋಡೆಗೂ ತಾಗಬಾರದು. ಗುಳ್ಳೆ ಅಂಟಿಕೊಂಡಿದ್ದರೆ ಬಿಡಿಸಿ; ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ. ತಕ್ಕಡಿ ತೋರಿಸುವ ಗ್ರಾಂ ಏನಿದೆಯೋ, ಉಂಡೆ ಅಷ್ಟು ಮಿಲಿ ಜಾಗ ಹಿಡಿದಿದೆ ಅಂತ ಅರ್ಥ. ನನಗೆ ಬಂದದ್ದು 4.80.

42.60 ಅನ್ನು 4.80ರಿಂದ ಭಾಗಿಸಿದರೆ 8.875. ಇನ್ನು 1 ಅನ್ನು 8.875ರಿಂದ ಭಾಗಿಸಿ: 0.1127. ಅದರಿಂದ 0.0882 ಕಳೆಯಿರಿ (1 ಅನ್ನು ಸೀಸದ 11.34ರಿಂದ ಭಾಗಿಸಿದರೆ ಬರುವುದು), ಉಳಿದದ್ದನ್ನು 0.049ರಿಂದ ಭಾಗಿಸಿ (ತವರದ 7.29ಕ್ಕೂ ಹಾಗೇ ಮಾಡಿದರೆ 0.1372, ಎರಡರ ವ್ಯತ್ಯಾಸವೇ ಇದು). 0.50 ಬಂತು. ಅಂದರೆ ತವರ ನೂರಕ್ಕೆ ಐವತ್ತು. ಲೆಕ್ಕ ಬೇಡ ಅನ್ನುವವರು ಇಷ್ಟು ನೆನಪಿಟ್ಟುಕೊಳ್ಳಿ: 60/40ಕ್ಕೆ ಸಾಂದ್ರತೆ ಸುಮಾರು 8.5, 50/50ಕ್ಕೆ 8.9, 40/60ಕ್ಕೆ 9.3, 30/70ಕ್ಕೆ 9.7. 7.3–7.4ರ ಆಸುಪಾಸಿನಲ್ಲಿದ್ದರೆ ಅದು ಸೀಸವಿಲ್ಲದ ಹೊಸ ಕಾಲದ ಸೋಲ್ಡರ್. ನೀರಿನ ಅಳತೆಯಲ್ಲಿ 0.05 ಗ್ರಾಂ ಹೆಚ್ಚುಕಮ್ಮಿ ಆದರೂ ಉತ್ತರ ಎರಡು ಪಾಲಿಗಿಂತ ಜಾಸ್ತಿ ಆಚೀಚೆ ಹೋಗುತ್ತದೆ, ಆದ್ದರಿಂದ ಮೂರು ಸಲ ಮುಳುಗಿಸಿ ನೋಡಿ.

ಇದಕ್ಕೊಂದು ಸಾಕ್ಷಿ ಬೇಕಲ್ಲ, ಅದು ಬಿಸಿಯಲ್ಲಿ ಸಿಗುತ್ತದೆ. ತವರ ಒಂದೇ ಆದರೆ ಕರಗುವುದು 232 ಡಿಗ್ರಿಗೆ, ಸೀಸ 327ಕ್ಕೆ, ಆದರೆ ಎರಡೂ ಸೇರಿದರೆ 183ಕ್ಕೇ ಕರಗಲು ಶುರು. ಮಲ್ಟಿಮೀಟರ್‌ಗೆ ಸ್ಟೀಲ್ ಕೊಳವೆಯ ಥರ್ಮೊಕಪಲ್ (ಬಿಸಿ ಅಳೆಯುವ ಕಡ್ಡಿ) ಸಿಕ್ಕಿಸಿ, ಉಂಡೆಯನ್ನು ಮತ್ತೆ ಕರಗಿಸಿ (ಒದ್ದೆ ಉಂಡೆಯನ್ನಲ್ಲ, ಪೂರ್ತಿ ಒಣಗಿದ್ದನ್ನು), ಒಲೆ ಆರಿಸಿ, ಹತ್ತು ಸೆಕೆಂಡಿಗೊಮ್ಮೆ ಡಿಗ್ರಿ ಬರೆದುಕೊಳ್ಳಿ. ಮೊದಲು ಸರಸರ ಇಳಿಯುತ್ತದೆ. ಒಂದು ಕಡೆ ನಿಧಾನವಾಗುತ್ತದೆ. ಕೊನೆಗೆ 183ರ ಹತ್ತಿರ ಕಾಲು ಮುರಿದುಕೊಂಡ ಹಾಗೆ ನಿಂತುಬಿಡುತ್ತದೆ. ಆ ನಿಲುಗಡೆ ಕಂಡರೆ ಸೀಸ, ತವರ ಎರಡೂ ಇವೆ. ನಿಧಾನವಾಗಲು ಶುರುವಾದ ಜಾಗ ಪಾಲು ಹೇಳುತ್ತದೆ: 60/40ಕ್ಕೆ ಸುಮಾರು 190, 50/50ಕ್ಕೆ 215, 40/60ಕ್ಕೆ 238. ಸೀಸವಿಲ್ಲದ್ದು 217ರಿಂದ 227ರೊಳಗೇ ನಿಂತು ಗಟ್ಟಿಯಾಗುತ್ತದೆ, 183ರ ತನಕ ಬರುವುದೇ ಇಲ್ಲ.

ಮೀಟರ್ ಸರಿಯಾಗಿದೆಯಾ ಅಂತ ಕುದಿಯುವ ನೀರಿನಲ್ಲಿ ಮೊದಲೇ ನೋಡಿಕೊಳ್ಳಿ. ಮಂಗಳೂರಿನಲ್ಲಿ 100 ತೋರಿಸಬೇಕು. ಬೆಂಗಳೂರಿನಲ್ಲಿ 97 ತೋರಿಸಿದರೆ ಮೀಟರ್ ಕೆಟ್ಟಿಲ್ಲ, ಊರು ಎತ್ತರದಲ್ಲಿದೆ ಅಷ್ಟೇ.

ತೂಕ ಒಂದು ಹೇಳಿ ಬಿಸಿ ಇನ್ನೊಂದು ಹೇಳಿದರೆ ಮೂರನೇ ಲೋಹ ಸೇರಿದೆ ಅಂತ ಅನುಮಾನಪಡಿ. ಹಳೇ ಕಡ್ಡಿಗಳಲ್ಲಿ ಆಂಟಿಮನಿ ಇರುತ್ತಿತ್ತು. ಬೋರ್ಡಿನಿಂದ ಕಿತ್ತು ಕೂಡಿಟ್ಟ ಉಂಡೆಯಾದರೆ ತಾಮ್ರವೂ ಬೆರೆತಿರುತ್ತದೆ. ಆಗ ಚಿನ್ನ ಪರೀಕ್ಷೆ ಮಾಡುವವರ ಹತ್ತಿರ ಇರುವ, ಎಕ್ಸ್‌ರೇ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ಹೇಳುವ ಎಕ್ಸ್‌ಆರ್‌ಎಫ್ ಯಂತ್ರವೇ ಗತಿ. ಆ ಯಂತ್ರ ತವರ, ಸೀಸ ತೋರಿಸುತ್ತದೆಯಾ ಅಂತ ಮೊದಲೇ ಕೇಳಿ, ಅದು ನೋಡುವುದು ಬರೀ ಮೇಲ್ಮೈ ಆದ್ದರಿಂದ ಉಂಡೆಯನ್ನು ಕೆರೆದು ಹೊಸ ಮುಖ ತೋರಿಸಿ.

ಒಂದು ಮಾತು ಮಾತ್ರ ಕಟ್ಟುನಿಟ್ಟು. ಯಾವ ಹಳೇ ಸೋಲ್ಡರ್ ಆದರೂ ಹಿತ್ತಾಳೆ ಪಾತ್ರೆಯ ಕಲಾಯಿಗೆ ಬೇಡ. ಕಲಾಯಿಗೆ ಬೇಕಾದದ್ದು ಶುದ್ಧ ತವರ. ಸೀಸ ಬೆರೆತ ಕಲಾಯಿಯ ಮೇಲೆ ಹುಣಸೆಹಣ್ಣಿನ ಸಾರು ಕುದಿಸಿದರೆ ಸೀಸ ಸಾರಿಗೇ ಇಳಿಯುತ್ತದೆ. ಯುರೋಪ್ ಒಕ್ಕೂಟ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸಕ್ಕೆ ಕಡಿವಾಣ ಹಾಕಿದ್ದೇ 2006ರ ಜುಲೈ 1ರಿಂದ, ಅದಕ್ಕಿಂತ ಹಳೆಯ ರೇಡಿಯೊ ಕೆಲಸದ ಸುರುಳಿ ಅಂದರೆ ಸೀಸ ಇದೆ ಅಂದುಕೊಂಡೇ ಮುಟ್ಟಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ನನ್ನ ಉಂಡೆ 214ರಲ್ಲಿ ನಿಧಾನವಾಗಿ 183ರಲ್ಲಿ ನಿಂತಿತು. ಸುರುಳಿಗೆ ‘50/50, ದಪ್ಪ ವೈರಿಗೆ ಮಾತ್ರ’ ಅಂತ ಮಾರ್ಕರ್‌ನಲ್ಲಿ ಬರೆದ ಚೀಟಿ ಅಂಟಿಸಿ, ಈ ಸಲ ಜಿರಲೆ ಹೋಗದ ತಗಡಿನ ಡಬ್ಬಿಗೆ ಹಾಕಿದ್ದೇನೆ.